ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ

ತಮ್ಮಾ,

ಇಪ್ಪತ್ತೊಂದು ತುಂಬಿತು, ಇನ್ನು ಲೈಸೆನ್ಸಿಗೆ ಅರ್ಜಿ ಹಾಕಬಹುದು, ದೊಡ್ಡ ಗುಂಡಿನ ಬೋಲ್ಟ್ ರೈಫಲ್ ಒಂದು ತಗೋಬೇಕು, ಯಾವುದು ತಗೊಳ್ಳಲಿ ಕಾಕಾ ಎಂದು ಕೇಳಿದ್ದೀ. ಬೇಡ ಅಂದುಬಿಡುವುದು ನನಗೆ ಸುಲಭವಿತ್ತು. ಮನೆಯವರೆಲ್ಲ ನನ್ನ ಬಾಯಿಂದ ಅದನ್ನೇ ನಿರೀಕ್ಷಿಸಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಪೊಲೀಸ್ ಶಸ್ತ್ರಾಗಾರದಲ್ಲಿ ಬೋಲ್ಟ್ ಬಿಚ್ಚಿ, ನಳಿಕೆ ಒರೆಸಿ, ಎಣ್ಣೆ ಹಚ್ಚಿ ನೌಕರಿ ಮುಗಿಸಿದವನು ನಾನು. ಚೆನ್ನಾಗಿ ಮಾಡಿದ ರೈಫಲ್ ಕೈಗೆ ಬಂದಾಗ ಮನಸ್ಸಿಗೆ ಆಗುವ ಸಂತೋಷ ನನಗೆ ಗೊತ್ತು, ಅದನ್ನು ನಿನಗೆ ತಪ್ಪಿಸುವ ಆಸೆ ನನಗಿಲ್ಲ. ಆದರೆ ನೀನು ಕಂಪನಿ ಯಾವುದು, ಬೋರ್ ಯಾವುದು, ಬೆಲೆ ಎಷ್ಟು ಎಂಬಲ್ಲಿಂದ ಶುರುಮಾಡಿದ್ದೀ. ಅದು ಕೊನೆಗೆ ಬರಬೇಕಾದ ಮಾತು. ಮೊದಲು ಕಾರಣ, ಆಮೇಲೆ ನೆಲ, ಅದಾದ ಮೇಲೆ ರೈಫಲ್.

ನೀನು ಹಲಗಲಿಯ ಹೆಸರು ಎತ್ತಿದ್ದೀ. ನಮ್ಮ ಮುಧೋಳ ಸೀಮೆಯವರೇ ಆಯುಧ ಬಿಡುವುದಿಲ್ಲ ಎಂದು ಜೀವ ಕೊಟ್ಟರಲ್ಲ, ಅಂಥ ಮಣ್ಣಿನವರಿಗೆ ರೈಫಲ್ ಯಾಕೆ ಬೇಡ ಅಂತ. ಒಳ್ಳೆಯ ಮಾತು, ಅದನ್ನು ಪೂರ್ತಿ ನೋಡೋಣ. 1857ರಲ್ಲಿ ಕಂಪನಿ ಸರ್ಕಾರ ಪರವಾನಗಿ ಇಲ್ಲದ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಹುಕುಂ ಹೊರಡಿಸಿತು. ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಎದುರು ನಿಂತವರು ಸತ್ತರು, ಸೆರೆ ಸಿಕ್ಕವರಲ್ಲಿ ಕೆಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೆ ಹಾಕಿದರು. ಜಡಗ, ಬಾಲ ಎಂಬ ಹೆಸರುಗಳನ್ನು ಲಾವಣಿ ಹಾಡುವವರ ಬಾಯಲ್ಲಿ ಕೇಳುತ್ತಲೇ ನಾನೂ ಬೆಳೆದೆ. ಆ ಜನಕ್ಕೆ ಬೇಟೆಯೇ ಹೊಟ್ಟೆಪಾಡಾಗಿತ್ತು, ಆಯುಧವೇ ಮಾನವಾಗಿತ್ತು. ಅದನ್ನು ಕೊಟ್ಟು ಬರಿಗೈಯಲ್ಲಿ ಮನೆಗೆ ಬಂದರೆ ಮರುದಿನ ಏನು ಮಾಡಬೇಕೆಂಬುದಕ್ಕೆ ಅವರ ಹತ್ತಿರ ಉತ್ತರವಿರಲಿಲ್ಲ. ಅವರ ಹೆಸರು ಹೇಳಿ ಆಯುಧ ಕೇಳುವವನು ತನ್ನ ಕಾರಣವೂ ಅಷ್ಟೇ ಗಟ್ಟಿ ಇದೆಯೇ ಎಂದು ನೋಡಿಕೊಳ್ಳಬೇಕು. ನಿನ್ನ ಮನೆಯಲ್ಲಿ ಕಬ್ಬಿನ ಬಿಲ್ಲು ಬರುತ್ತದೆ, ಎಮ್ಮೆ ಇವೆ, ಅಣ್ಣ ನೌಕರಿಯಲ್ಲಿದ್ದಾನೆ. ಹೊಟ್ಟೆಯ ಮಾತು ಇಲ್ಲಿಲ್ಲ. ಹಾಗಾದರೆ ಏತಕ್ಕೆ ಬೇಕು?

ಈ ಪ್ರಶ್ನೆಯನ್ನು ನಾನು ಕೇಳದಿದ್ದರೂ ಡಿಸಿ ಆಫೀಸಿನಲ್ಲಿ ಕೇಳುತ್ತಾರೆ. 1959ರ ಆಯುಧ ಕಾಯ್ದೆಯ 13ನೇ ಕಲಂ ಓದಿಕೋ. ಸ್ವಂತ ರಕ್ಷಣೆಗೋ ಕ್ರೀಡೆಗೋ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ಬಂದೂಕು, ಅಂದರೆ ಒಳಗೆ ಸುರುಳಿಗೆರೆ ಇಲ್ಲದ ಚರ್ರೆ ಬಂದೂಕು, ಮತ್ತು ನಿಜವಾಗಿ ಬೆಳೆ ಕಾಯುವುದಕ್ಕೆ ಬಾಯಿಂದ ಮದ್ದು ತುಂಬುವ ಕೋವಿ, ಇವು ಒಂದು ಸಾಲಿನಲ್ಲಿವೆ. ಅಂಗೀಕೃತ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕೆಂದು ಪಾಯಿಂಟ್ ಟೂಟೂ ರೈಫಲ್, ಏರ್ ರೈಫಲ್ ಇನ್ನೊಂದು ಸಾಲಿನಲ್ಲಿವೆ. ನೀನು ಕೇಳುತ್ತಿರುವ ದೊಡ್ಡ ರೈಫಲ್ ಈ ಎರಡರಲ್ಲೂ ಇಲ್ಲ. ಅದು ಉಳಿದವುಗಳ ಗುಂಪಿಗೆ ಸೇರಿದ್ದು. ಅದನ್ನು ಕೊಡಬೇಕಾದರೆ ಅರ್ಜಿದಾರನ ಹತ್ತಿರ ಸಕಾರಣವಿದೆ ಎಂದು ಅಧಿಕಾರಿಗೆ ಮನದಟ್ಟಾಗಬೇಕು. ಕಾನೂನು ಬರೆದವರು ಬೆಳೆ ಕಾಯುವ ರೈತನ ಕೈಗೆ ಯಾವುದನ್ನು ಕೊಡಬಹುದು, ಯಾವುದಕ್ಕೆ ಎರಡು ಸಲ ಯೋಚಿಸಬೇಕು ಎಂದು ತೂಗಿಯೇ ಬರೆದಿದ್ದಾರೆ. ನನ್ನ ಅನುಭವಕ್ಕೆ ಆ ತೂಕ ಸರಿಯಾಗಿಯೇ ಕಾಣುತ್ತದೆ.

ಕೊಡಗಿನಲ್ಲಿ ಮನೆಮನೆಗೂ ಇದೆಯಲ್ಲ ಎನ್ನಬೇಡ. ಕೊಡವರಿಗೂ ಜಮ್ಮಾ ಭೂಮಿ ಹಿಡಿದವರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ, ಬ್ರಿಟಿಷರ ಕಾಲದಿಂದ ನಡೆದು ಬಂದದ್ದು. ಅಲ್ಲಿ ಕೈಲ್ ಪೊಳ್ದು ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಮಗು ಕೋವಿ ಮುಟ್ಟುವ ಮೊದಲೇ ಅದರ ಮರ್ಯಾದೆ ಕಲಿತಿರುತ್ತದೆ. ಆ ಕಲಿಕೆ ನಮ್ಮ ಮನೆಗಳಲ್ಲಿ ಇಲ್ಲ, ನಾವು ಅದನ್ನು ಬೇರೆ ದಾರಿಯಿಂದ ಸಂಪಾದಿಸಬೇಕು.

ಹಂದಿ ಕಬ್ಬು ಹಾಳು ಮಾಡುತ್ತದೆ ಎಂಬ ಕಾರಣವನ್ನು ಅರ್ಜಿಯಲ್ಲಿ ಬರೆಯುತ್ತೇನೆ ಅಂದೆ. ಹಾಳು ಮಾಡುವುದು ಸುಳ್ಳಲ್ಲ. ಒಂದೇ ರಾತ್ರಿಯಲ್ಲಿ ಮೆಕ್ಕೆಜೋಳದ ಹೊಲ ಹಂದಿ ಹಿಂಡಿಗೆ ಬಲಿಯಾದದ್ದನ್ನು ಕಂಡಿದ್ದೇನೆ, ಆ ರೈತನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆಯುಧದ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯುವ ಪರವಾನಗಿ ಬೇರೆ. ಎರಡನೆಯದು 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನ ಕೆಳಗೆ ಅರಣ್ಯ ಇಲಾಖೆಯವರು ಲಿಖಿತವಾಗಿ ಕೊಡಬೇಕಾದದ್ದು. ಅದಿಲ್ಲದೆ ಹಂದಿಗೆ ಗುಂಡು ಹಾರಿಸಿದರೆ ಬೆಳೆ ಕಾಯ್ದವನಾಗುವುದಿಲ್ಲ, ಆರೋಪಿಯಾಗುತ್ತೀ. ಇನ್ನೂ ಒಂದು ಮಾತು ನಮ್ಮ ಭಾಗದವರು ಮರೆಯುತ್ತಾರೆ. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವೆ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಇದೆ, 2016ರಲ್ಲಿ ಘೋಷಣೆಯಾದದ್ದು, ಸುಮಾರು 96 ಚದರ ಕಿಲೋಮೀಟರ್. ಅದೇ ಕಾಯ್ದೆಯ 34ನೇ ಕಲಂ ಪ್ರಕಾರ ವನ್ಯಜೀವಿ ಧಾಮದಿಂದ ಹತ್ತು ಕಿಲೋಮೀಟರ್ ಒಳಗೆ ಹೊಸ ಆಯುಧ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು, ಮೊದಲೇ ಆಯುಧ ಇದ್ದವರು ಹೆಸರು ನೋಂದಾಯಿಸಬೇಕು. ನಿನ್ನ ಮಾವನ ಹೊಲ ಆ ಕಡೆಗಿದೆ, ಅಲ್ಲಿಗೆ ರೈಫಲ್ ಒಯ್ಯುವ ಯೋಚನೆ ಇದ್ದರೆ ಇದನ್ನು ಮೊದಲು ವಿಚಾರಿಸು. ಚಿಂಕಾರ ಅಂದರೆ ಏನೆಂದು ನೋಡಿದ್ದೀಯಾ? ಮೊಣಕಾಲೆತ್ತರಕ್ಕಿಂತ ತುಸು ಮೇಲೆ ಬರುವ ಸಣ್ಣ ಹುಲ್ಲೆ, ಕುರುಚಲು ಕಾಡಿನ ಬಣ್ಣದ್ದೇ, ನಿಂತಲ್ಲಿ ನಿಂತರೆ ಕಾಣುವುದೇ ಇಲ್ಲ. ಮುಧೋಳದ ನಾಯಿಯನ್ನು ನಮ್ಮ ಹಿರಿಯರು ಸಾಕಿದ್ದು ಇಂಥವುಗಳ ಹಿಂದೆ ಓಡಿಸಲಿಕ್ಕೇ. ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದಾಯಿತು. ನಾಯಿ ಈಗ ಸೈನ್ಯಕ್ಕೆ ಹೋಗುತ್ತದೆ, ಹುಲ್ಲೆ ತನ್ನ ಪಾಡಿಗೆ ಯಡಹಳ್ಳಿಯಲ್ಲಿ ಮೇಯುತ್ತದೆ.

ಇನ್ನು ನೆಲದ ಮಾತು. ಇದಕ್ಕೆ ಹೆಚ್ಚು ಹೊತ್ತು ಬೇಕು, ಯಾಕೆಂದರೆ ರೈಫಲ್ ಕೊಳ್ಳುವ ಹುಡುಗರು ಯೋಚಿಸದೆ ಬಿಡುವುದು ಇದನ್ನೇ.

ಲೈಸೆನ್ಸ್ ಬೇಡದ ಏರ್ ರೈಫಲ್ಲಿಗೆ ಕಾನೂನು ಹಾಕಿದ ಮಿತಿ 4.5 ಮಿಲಿಮೀಟರ್ ಬೋರ್, 20 ಜೌಲ್ ಶಕ್ತಿ. ಪಾಯಿಂಟ್ ಟೂಟೂ ಗುಂಡು ನಳಿಕೆಯ ಬಾಯಿಂದ ಹೊರಬರುವಾಗ 150 ಜೌಲ್ ಆಸುಪಾಸು. ನೀನು ಆಸೆಪಟ್ಟ ಥರ್ಟಿ ನಾಟ್ ಸಿಕ್ಸ್ 3,500 ಜೌಲ್ ಮೀರುತ್ತದೆ. ಸೆಕೆಂಡಿಗೆ ಎಂಟುನೂರು ಮೀಟರಿಗೂ ಹೆಚ್ಚು ವೇಗ. ಟೂಟೂ ಗುಂಡನ್ನೇ ಮೇಲ್ಮುಖವಾಗಿ ಬಿಟ್ಟರೆ ಒಂದೂವರೆ ಕಿಲೋಮೀಟರ್ ದಾಟುತ್ತದೆ. ದೊಡ್ಡದು ನಾಲ್ಕು ಕಿಲೋಮೀಟರ್ ದಾಟಬಲ್ಲದು. ನಮ್ಮೂರು ರನ್ನ ಬೆಳಗಲಿಯ ನಡುವೆ ನಿಂತು ನಾಲ್ಕು ಕಿಲೋಮೀಟರಿನ ಒಂದು ಸುತ್ತು ಎಳೆದು ನೋಡು. ಅದರೊಳಗೆ ಎಷ್ಟು ತೋಟದ ವಸ್ತಿ ಬರುತ್ತವೆ, ಎಷ್ಟು ದನದ ಕೊಟ್ಟಿಗೆ, ಎಷ್ಟು ಶಾಲೆ, ಎಷ್ಟು ರಸ್ತೆ? ನಮ್ಮ ಕಡೆ ಜನ ಊರೊಳಗೆ ಮಾತ್ರ ಇರುವುದಿಲ್ಲ. ನೀರಾವರಿ ಬಂದ ಮೇಲೆ ಹೊಲಹೊಲಕ್ಕೂ ಮನೆ ಆಯಿತು.

ಮಲೆನಾಡಿನವನಿಗೆ ಎದುರು ಗುಡ್ಡ ಇರುತ್ತದೆ, ತಪ್ಪಿದ ಗುಂಡು ಮಣ್ಣು ಹೊಗುತ್ತದೆ. ನಮ್ಮದು ಎರೆ ಬಯಲು. ಎದುರಿಗೆ ಇರುವುದು ಕಬ್ಬು. ಎಂಟು ಹತ್ತು ಅಡಿ ಎತ್ತರದ ಕಬ್ಬು ಕಣ್ಣಿಗೆ ಗೋಡೆಯ ಹಾಗೆ ಕಾಣುತ್ತದೆ, ಗುಂಡಿಗೆ ಅದು ಏನೂ ಅಲ್ಲ. ಆ ಕಬ್ಬಿನೊಳಗೆ ಯಾರಿರುತ್ತಾರೆ ಎಂದು ನಿನಗೆ ನಾನು ಹೇಳಬೇಕೆ? ತ್ರೀ ಫೇಸ್ ಕರೆಂಟ್ ಬರುವುದು ಎಷ್ಟೋ ಸಲ ನಡುರಾತ್ರಿ, ಆಗ ಬ್ಯಾಟರಿ ಹಿಡಿದು ನೀರು ತಿರುವಲಿಕ್ಕೆ ಹೋದವನು ಇರುತ್ತಾನೆ. ಹಂದಿ ಬರುವುದೂ ಅದೇ ಹೊತ್ತಿಗೆ. ಕಾರ್ಖಾನೆ ಶುರುವಾದ ಮೇಲೆ ಮಹಾರಾಷ್ಟ್ರದ ಕಡೆಯಿಂದ ಕಟಾವಿನ ಗ್ಯಾಂಗ್ ಬರುತ್ತದೆ, ಹೆಂಗಸರು ಮಕ್ಕಳ ಸಮೇತ ಹೊಲದ ಬದಿಯಲ್ಲೇ ಗುಡಿಸಲು ಹಾಕಿ ಮಲಗುತ್ತಾರೆ. ನಿನ್ನೆ ಖಾಲಿ ಇದ್ದ ಜಾಗದಲ್ಲಿ ಇವತ್ತು ಹತ್ತು ಸಂಸಾರ ಇರುತ್ತವೆ, ನಿನಗೆ ಸುದ್ದಿಯೂ ಇರುವುದಿಲ್ಲ. ಸಪ್ಪಳ ಕೇಳಿ, ಎಲೆ ಅಲುಗಾಡಿದ್ದು ನೋಡಿ, ಕತ್ತಲಲ್ಲಿ ಎರಡು ಕಣ್ಣು ಹೊಳೆದದ್ದು ಕಂಡು ಟ್ರಿಗರ್ ಎಳೆದವರ ಕತೆಗಳು ಠಾಣೆಯ ದಫ್ತರಗಳಲ್ಲಿ ಕೂತಿವೆ. ಆ ಬಂದೂಕುಗಳು ಜಪ್ತಿಯಾಗಿ ನಮ್ಮ ಹತ್ತಿರ ತಪಾಸಣೆಗೆ ಬರುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಯಾವ ದೋಷವೂ ಇಲ್ಲದ, ಚೆನ್ನಾಗಿ ಕೆಲಸ ಮಾಡುವ ಬಂದೂಕುಗಳೇ.

ಅದಕ್ಕೇ ಹೇಳುವುದು, ಗುರಿ ಎಲ್ಲಿದೆ ಎಂದು ನೋಡುವ ಮೊದಲು ಗುರಿಯ ಹಿಂದೆ ಏನಿದೆ ಎಂದು ನೋಡಬೇಕು. ಹೊಡೆದ ಪ್ರತಿ ಗುಂಡೂ ಎಲ್ಲಾದರೂ ಹೋಗಿ ನಿಲ್ಲಲೇಬೇಕು. ಅದು ಎಲ್ಲಿ ನಿಲ್ಲುತ್ತದೆ ಎಂದು ಬೆರಳಿಟ್ಟು ತೋರಿಸಲಾಗದ ಜಾಗದಲ್ಲಿ ದೊಡ್ಡ ರೈಫಲ್ಲಿಗೆ ಕೆಲಸವಿಲ್ಲ. ಫೈರಿಂಗ್ ರೇಂಜಿನಲ್ಲಿ ಗುರಿಹಲಗೆಯ ಹಿಂದೆ ಮಣ್ಣಿನ ದಿಬ್ಬ ಎಬ್ಬಿಸಿರುವುದು ಇದಕ್ಕೇ. ನಮ್ಮ ಹೊಲದಲ್ಲಿ ಅಂಥದ್ದಿಲ್ಲ. ಮಂಚಿಕೆ ಕಟ್ಟಿ ಮೇಲೆ ಕೂತು ಕೆಳಮುಖವಾಗಿ ಹೊಡೆದರೆ ಗುಂಡು ನೆಲಕ್ಕೆ ಹೋಗುತ್ತದೆ ಎಂದು ಹಳಬರು ಮಾಡುತ್ತಿದ್ದರು, ತಕ್ಕಮಟ್ಟಿಗೆ ಅದು ಸರಿ. ಆದರೂ ಗರಸು ನೆಲಕ್ಕೋ ಕಲ್ಲಿನ ಬದುವಿಗೋ ನಿಂತ ನೀರಿಗೋ ತಾಗಿದರೆ ಗುಂಡು ಪುಟಿದು ಎತ್ತಲೋ ಹಾರುತ್ತದೆ. ಇದನ್ನೆಲ್ಲ ಓದಿದ ಮೇಲೂ ಬೆಳೆ ಕಾಯಲಿಕ್ಕೇ ಆಯುಧ ಬೇಕು ಎಂದರೆ ನನ್ನ ಸಲಹೆ ಹನ್ನೆರಡು ಬೋರಿನ ಚರ್ರೆ ಬಂದೂಕು. ಚರ್ರೆ ಕೆಲವು ನೂರು ಮೀಟರಿನೊಳಗೆ ತನ್ನ ಜೋರು ಕಳೆದುಕೊಳ್ಳುತ್ತದೆ. ಸದ್ದಿಗೇ ಹಂದಿ ಓಡುತ್ತದೆ, ಬಹುಪಾಲು ನಿನಗೆ ಬೇಕಾದದ್ದೂ ಅಷ್ಟೇ. ಸೌರ ಬೇಲಿ ಹಾಕಿಸಿದರೆ ಅದರ ಅಗತ್ಯವೂ ಬಾರದಿರಬಹುದು. ಲೈನಿನ ಕರೆಂಟನ್ನು ನೇರ ತಂತಿಗೆ ಬಿಡುವ ಹಾಳು ಬುದ್ಧಿ ಮಾತ್ರ ಎಂದೂ ಬೇಡ, ಅದರಿಂದ ಸತ್ತವರು ಹಂದಿಗಳಷ್ಟೇ ಅಲ್ಲ.

ಇಲ್ಲ ಕಾಕಾ, ನನಗೆ ಗುರಿ ಹೊಡೆಯುವ ಹುಚ್ಚು ಎಂದರೆ ನಾನು ನಿಜವಾಗಿ ಖುಷಿಪಡುತ್ತೇನೆ. ಆಗ ಮೊದಲ ರೈಫಲ್ ಪಾಯಿಂಟ್ ಟೂಟೂ ಆಗಲಿ. ಅದು ಸಣ್ಣ ಹುಡುಗರದ್ದು ಎಂದು ಮೂಗು ಮುರಿಯಬೇಡ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ಮೂರು ಭಂಗಿಯ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೈಯಲ್ಲಿ ಇದ್ದದ್ದು ಟೂಟೂ ಬೋರೇ. ಅವನು ಕೊಲ್ಲಾಪುರ ಜಿಲ್ಲೆಯ ಕಂಬಳವಾಡಿಯವನು, ನಮ್ಮ ಹಾಗೆ ಹಳ್ಳಿಯ ಹುಡುಗ. ಅದೇ ಕೊಲ್ಲಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್, ಅಂದರೆ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಆದಳು. ಅಭಿನವ್ ಬಿಂದ್ರಾ 2008ರ ಒಲಿಂಪಿಕ್ಸಿನಲ್ಲಿ ಚಿನ್ನ ತಂದದ್ದು 4.5 ಮಿಲಿಮೀಟರಿನ ಏರ್ ರೈಫಲ್ಲಿನಲ್ಲಿ. ದೊಡ್ಡ ಗುಂಡಿನ 300 ಮೀಟರ್ ಸ್ಪರ್ಧೆ ಒಲಿಂಪಿಕ್ಸಿನಲ್ಲಿ 1972ಕ್ಕೇ ಕೊನೆಯಾಯಿತು. ಉಸಿರು ಹಿಡಿಯುವುದು, ಟ್ರಿಗರನ್ನು ಜಗ್ಗದೆ ಒತ್ತುವುದು, ಹೊಡೆದ ಮೇಲೂ ಕಣ್ಣು ಸೈಟಿನಿಂದ ಎತ್ತದಿರುವುದು, ಇವನ್ನೆಲ್ಲ ಟೂಟೂ ಕಲಿಸುತ್ತದೆ. ಅದರ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಮಾಡಿದ ತಪ್ಪು ನಿನ್ನದೇ ಎಂದು ನಿನಗೆ ತಿಳಿಯುತ್ತದೆ. ಮೊದಲೇ ದೊಡ್ಡ ರೈಫಲ್ ಹಿಡಿದವನು ಸದ್ದಿಗೂ ಒದೆತಕ್ಕೂ ಹೆದರಿ, ಟ್ರಿಗರ್ ಎಳೆಯುವ ಕ್ಷಣಕ್ಕೆ ಕಣ್ಣು ಮುಚ್ಚುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ಆ ರೂಢಿ ಬಿಡಿಸಲು ವರ್ಷಗಳೇ ಬೇಕು. ಎಷ್ಟೋ ಕಾನ್‌ಸ್ಟೇಬಲ್‌ಗಳಿಗೆ ಕೊನೆಯವರೆಗೂ ಬಿಡಲಿಲ್ಲ.

ಈಗ ನೀನು ಕೇಳಿದ ಮಾತಿಗೇ ಬರುತ್ತೇನೆ. ಕಾರಣವಿದೆ, ರೇಂಜಿಗೆ ಹೋಗುವ ದಾರಿಯಿದೆ, ಟೂಟೂನಲ್ಲಿ ಕೈ ಪಳಗಿದೆ. ಆಮೇಲೆ ದೊಡ್ಡದು ಯಾವುದು?

ಸಿನಿಮಾದಲ್ಲಿ, ಪೊಲೀಸರ ಹೆಗಲಲ್ಲಿ ನೋಡಿದ ತ್ರೀ ನಾಟ್ ತ್ರೀ ನಿನಗೆ ಸಿಗುವುದಿಲ್ಲ. ಅದೂ, ಸೈನ್ಯದ 7.62ವೂ ನಿಷೇಧಿತ ಬೋರಿಗೆ ಸೇರಿದವು. ಸರ್ಕಾರದ ಕಾಡತೂಸು ಸಾಮಾನ್ಯರ ಬಂದೂಕಿಗೆ ಹೊಂದಬಾರದು ಎಂಬುದು ಬ್ರಿಟಿಷರ ಕಾಲದಿಂದ ಬಂದ ಧೋರಣೆ. ಅದಕ್ಕಾಗಿಯೇ ಪಾಯಿಂಟ್ ತ್ರೀ ಒನ್ ಫೈವ್ ಎಂಬ ಬೋರ್ ನಮ್ಮ ದೇಶದಲ್ಲಿ ಬೇರುಬಿಟ್ಟಿತು. ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆ, ತ್ರೀ ನಾಟ್ ತ್ರೀ ಮಾಡುತ್ತಿದ್ದ ಅದೇ ಲೀ ಎನ್‌ಫೀಲ್ಡ್ ಮೈಕಟ್ಟಿನ ಮೇಲೆ ಇದನ್ನೂ ಮಾಡಿತು. ಐದು ಗುಂಡಿನ ಮ್ಯಾಗಝಿನ್, ತೂಕ ಮೂರೂವರೆ ಕಿಲೋ ಹತ್ತಿರ. ಈಚಿನ ವರ್ಷಗಳಲ್ಲಿ ಈಶಾಪುರದವರು ಥರ್ಟಿ ನಾಟ್ ಸಿಕ್ಸ್ ಕೂಡ ಮಾಡುತ್ತಾರೆ. 2021ರಲ್ಲಿ ಆರ್ಡ್ನನ್ಸ್ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಈ ಕಾರ್ಖಾನೆ ಕಾನ್ಪುರದಲ್ಲಿ ಕಚೇರಿ ಇರುವ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಎಂಬ ಕಂಪನಿಯ ಕೆಳಗೆ ಬಂದಿದೆ. ವಿದೇಶಿ ರೈಫಲ್ ಬೇಕೆಂದರೆ, ಆಮದು ಬಿಗಿಯಾಗಿ ದಶಕಗಳಾದವು, ಹಳೆಯವೇ ಕೈಯಿಂದ ಕೈಗೆ ತಿರುಗುತ್ತವೆ. ಬೆಲೆ ಕೇಳಿದರೆ ಎರಡು ಎಕರೆ ಕಬ್ಬಿನ ಬಿಲ್ಲು ನೆನಪಾಗುತ್ತದೆ.

ಲೀ ಎನ್‌ಫೀಲ್ಡ್ ಬೋಲ್ಟು ಹಿಂಭಾಗದಲ್ಲಿ ಕಚ್ಚಿಕೊಳ್ಳುತ್ತದೆ, ಮೌಸರ್ ಮಾದರಿಯದು ಮುಂಭಾಗದಲ್ಲಿ, ಕಾಡತೂಸಿನ ಬುಡದ ಹತ್ತಿರವೇ. 1898ರ ಮೌಸರ್ ರಚನೆಯನ್ನು ಜಗತ್ತಿನ ಎಷ್ಟೋ ಬೇಟೆ ರೈಫಲ್ಲುಗಳು ಇಂದಿಗೂ ಅನುಸರಿಸುತ್ತವೆ. ಅದು ಹೆಚ್ಚಿನ ಒತ್ತಡ ತಡೆಯುತ್ತದೆ, ಅದರ ದೊಡ್ಡ ಉಗುರು ಕಾಡತೂಸನ್ನು ಮ್ಯಾಗಝಿನ್ನಿನಿಂದ ಏಳುವಾಗಲೇ ಹಿಡಿದುಕೊಳ್ಳುತ್ತದೆ. ಎನ್‌ಫೀಲ್ಡಿನದು ಬೇರೆ ಗುಣ. ಬೋಲ್ಟ್ ಎತ್ತುವ ದೂರ ಕಡಿಮೆ, ಕೈ ಬೇಗ ಆಡುತ್ತದೆ, ಧೂಳು ಮಣ್ಣಿಗೆ ಹೆದರುವುದಿಲ್ಲ, ರಿಪೇರಿ ಗೊತ್ತಿರುವವರು ದೇಶದ ತುಂಬ ಇದ್ದಾರೆ. ತ್ರೀ ಒನ್ ಫೈವ್ ಕಾಡತೂಸಿನ ಮಿತವಾದ ಒತ್ತಡಕ್ಕೆ ಅದು ಧಾರಾಳ ಸಾಕು. ಮೊದಲ ದೊಡ್ಡ ರೈಫಲ್ ಆಗಿ ನಾನು ನಿನಗೆ ಇದನ್ನೇ ಹೇಳುತ್ತೇನೆ. ಥರ್ಟಿ ನಾಟ್ ಸಿಕ್ಸ್‌ಗೆ ಇನ್ನಷ್ಟು ದೂರ, ಇನ್ನಷ್ಟು ನೇರ ಓಟವಿದೆ ಎಂಬುದು ಸರಿ. ಆ ದೂರದಲ್ಲಿ ಹೊಡೆಯಲು ನಿನಗೆ ಜಾಗವೆಲ್ಲಿದೆ?

ಹೆಚ್ಚು ಶಕ್ತಿಯದೇ ಒಳ್ಳೆಯದು ಎಂಬ ಭ್ರಮೆ ಬೇಡ. ತೇಜಸ್ವಿಯವರು ಕನ್ನಡಕ್ಕೆ ತಂದ ರುದ್ರಪ್ರಯಾಗದ ನರಭಕ್ಷಕನ ಕತೆ ಓದಿದ್ದೀಯಲ್ಲ? 1926ರಲ್ಲಿ ಆ ಚಿರತೆಯನ್ನು ಬೇಟೆಗಾರ ಜಿಮ್ ಕಾರ್ಬೆಟ್ ಹೊಡೆದದ್ದು ಪಾಯಿಂಟ್ ಟೂ ಸೆವೆನ್ ಫೈವ್ ರಿಗ್ಬಿಯಲ್ಲಿ. ಮೌಸರ್ ಬೋಲ್ಟಿನ ಹಗುರವಾದ ರೈಫಲ್ ಅದು. ಅವನ ಕಾಲದ ಸಾಹೇಬರು ಅದಕ್ಕಿಂತ ಬಹಳ ದೊಡ್ಡ ಜೋಡು ನಳಿಕೆಗಳನ್ನು ಹೊತ್ತು ತಿರುಗುತ್ತಿದ್ದರು. ಕಾರ್ಬೆಟ್‌ಗೆ ತನ್ನ ರೈಫಲ್ ಮೈಗೆ ಒಗ್ಗಿತ್ತು, ಅಷ್ಟೇ ಸಾಕಾಗಿತ್ತು.

ಮೈಗೆ ಒಗ್ಗುವುದು ಎಂದರೆ ಹೀಗೆ. ಮೊಣಕೈ ಮಡಚಿ ಬಟ್ಟಿನ ತುದಿಯನ್ನು ಮಡಿಕೆಗೆ ಒತ್ತಿದರೆ ತೋರುಬೆರಳು ಟ್ರಿಗರಿಗೆ ಸಲೀಸಾಗಿ ತಲುಪಬೇಕು. ಕಣ್ಣು ಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ತೆರೆದರೆ ಹಿಂದಿನ ಸೈಟೂ ಮುಂದಿನ ಸೈಟೂ ಒಂದೇ ಸಾಲಿನಲ್ಲಿ ಇರಬೇಕು, ಕುತ್ತಿಗೆ ಹುಡುಕಾಡಬಾರದು. ನೀನು ಎಡಚ, ಬೋಲ್ಟ್ ಬಲಕ್ಕಿರುತ್ತದೆ. ಎಡಗೈಯನ್ನು ಮೇಲಿನಿಂದ ದಾಟಿಸಿ ಬೋಲ್ಟ್ ಆಡಿಸುವುದನ್ನು ಖಾಲಿ ರೈಫಲ್ಲಿನಲ್ಲಿ ಮಾಡಿ ನೋಡಿಯೇ ತೀರ್ಮಾನಿಸು. ಟೆಲಿಸ್ಕೋಪಿನ ಆಸೆಯನ್ನು ಸದ್ಯಕ್ಕೆ ಬದಿಗಿಡು. ಹಳೆಯ ಎನ್‌ಫೀಲ್ಡ್ ಮೈಗೆ ಅದನ್ನು ಕೂರಿಸುವುದು ತಲೆನೋವು, ಬರಿಗಣ್ಣಿನ ಸೈಟಿನಲ್ಲಿ ನೂರು ಮೀಟರ್ ಹೊಡೆಯಲು ಬಂದವನಿಗೆ ಅದರ ಅವಸರವೂ ಇಲ್ಲ.

ನಿನಗೆ ಸಿಗುವುದು ಹೆಚ್ಚಾಗಿ ಹಳೆಯ ರೈಫಲ್ಲೇ. ಲೈಸೆನ್ಸಿರುವ ಡೀಲರ್ ಮೂಲಕವೇ ತಗೋ. ಯಾರೋ ತೀರಿಕೊಂಡರು, ಮನೆಯಲ್ಲಿ ಸುಮ್ಮನೆ ಬಿದ್ದಿದೆ, ಕಡಿಮೆಗೆ ಕೊಡುತ್ತಾರೆ ಎಂದು ಬಂದವರಿಗೆ ಮೊದಲು ಅದನ್ನು ಠಾಣೆಗೋ ಡೀಲರನಿಗೋ ಒಪ್ಪಿಸಿ ಎಂದು ಹೇಳಿ ಕಳಿಸು. ನೋಡುವಾಗ ಮೊದಲು ಬೋಲ್ಟ್ ಎತ್ತಿ ಹಿಂದಕ್ಕೆಳೆದು ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಲ್ಲಿ ನೋಡು, ಕಿರುಬೆರಳು ಹಾಕಿಯೂ ನೋಡು. ಡೀಲರ್ ಖಾಲಿ ಇದೆ ಅಂದರೂ ನೋಡು, ನಾನು ಅಂದರೂ ನೋಡು. ಆಮೇಲೆ ಮೈಮೇಲಿನ ನಂಬರನ್ನು ಕಾಗದದ ನಂಬರಿಗೆ ತಾಳೆ ಹಾಕು. ಬೋಲ್ಟಿನ ನಂಬರೂ ಅದೇ ಆಗಿರಬೇಕು. ಬೇರೆ ಬೋಲ್ಟ್ ಹಾಕಿದ್ದರೆ ಬೋಲ್ಟಿಗೂ ಚೇಂಬರಿಗೂ ನಡುವಿನ ಅಂತರ ಹೆಚ್ಚಾಗಿರಬಹುದು, ಆಗ ಕಾಡತೂಸಿನ ಬುಡ ಸೀಳಿ ಬೆಂಕಿ ಮುಖಕ್ಕೆ ಬರುತ್ತದೆ. ಇದನ್ನು ಗೇಜ್ ಇಟ್ಟು ಅಳೆಯಬೇಕು, ಅಂದಾಜಿನಲ್ಲಿ ಹೇಳುವವನನ್ನು ನಂಬಬೇಡ. ಬೋಲ್ಟ್ ತೆಗೆದು ನಳಿಕೆಯನ್ನು ಬೆಳಕಿಗೆ ಹಿಡಿ. ಸುರುಳಿಗೆರೆಗಳ ಅಂಚು ಚೂಪಾಗಿ ಹೊಳೆಯಬೇಕು. ಕಪ್ಪು ಗುಳಿ ಕಂಡರೆ ಹಿಂದಿನವನು ತೊಳೆಯದೆ ಇಟ್ಟಿದ್ದಾನೆ ಎಂದರ್ಥ. ಹಳೆಯ ಕಾಡತೂಸುಗಳ ಕ್ಯಾಪಿನ ಮದ್ದು ಉಪ್ಪಿನ ಅಂಶ ಬಿಡುತ್ತದೆ, ಅದು ಗಾಳಿಯ ತೇವ ಎಳೆದು ಉಕ್ಕು ತಿನ್ನುತ್ತದೆ, ಬರೇ ಎಣ್ಣೆಗೆ ಹೋಗುವುದಿಲ್ಲ. ನಾವು ಕುದಿಯುವ ನೀರು ಹಾಕಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಕೊಡುತ್ತಿದ್ದೆವು. ನಳಿಕೆಯ ಬಾಯಿಯ ಅಂಚನ್ನು ಉಗುರಿನಿಂದ ಸವರಿ ನೋಡು, ಅಲ್ಲಿ ಸಣ್ಣ ನೆಗ್ಗು ಇದ್ದರೂ ಗುಂಡು ದಾರಿ ತಪ್ಪುತ್ತದೆ. ಬಾಯಿಯ ಕಡೆಯಿಂದ ಕಡ್ಡಿ ಹಾಕಿ ಉಜ್ಜಿದವರೇ ಅದನ್ನು ಕೆಡಿಸಿರುತ್ತಾರೆ. ನೀನು ಉಜ್ಜುವಾಗ ಬೋಲ್ಟ್ ತೆಗೆದು ಹಿಂದಿನಿಂದಲೇ ಉಜ್ಜು. ಕಟ್ಟಿಗೆಯಲ್ಲಿ ಬೋಲ್ಟಿನ ಹಿಂಬದಿ ಬಿರುಕಿದೆಯೇ ನೋಡು. ಪಾಲಿಶ್ ಎಷ್ಟು ಹೊಳೆದರೂ ಅದಕ್ಕೆ ಒಂದು ರೂಪಾಯಿ ಹೆಚ್ಚು ಕೊಡಬೇಡ.

ಕಾಡತೂಸು ಎಷ್ಟು ಕೊಳ್ಳಬಹುದು, ಒಟ್ಟಿಗೆ ಎಷ್ಟು ಇಟ್ಟುಕೊಳ್ಳಬಹುದು ಎಂದು ಲೈಸೆನ್ಸಿನಲ್ಲೇ ಬರೆದಿರುತ್ತಾರೆ. ರೈಫಲ್ಲಿಗೆ ಹಣ ಸುರಿದು ಕಾಡತೂಸಿಗೆ ಇಲ್ಲದವನಾಗಬೇಡ. ವರ್ಷಕ್ಕೊಮ್ಮೆ ದಸರಾಕ್ಕೆ ತೆಗೆದು ಪೂಜೆ ಮಾಡಿ ಒಳಗಿಡುವ ರೈಫಲ್ಲಿಗಿಂತ ಅಪಾಯದ್ದು ಬೇರೊಂದಿಲ್ಲ, ಯಾಕೆಂದರೆ ಹಿಡಿಯುವವನಿಗೆ ಅದರ ಪರಿಚಯವೇ ಇರುವುದಿಲ್ಲ. ನಮ್ಮೂರಿನ ಕವಿ ರನ್ನ ಒಂದಿಡೀ ಕಾವ್ಯ ಕಟ್ಟಿದ್ದು ಒಂದು ಗದೆಯ ಹೋರಾಟದ ಸುತ್ತ. ಆ ಕಾಳಗಕ್ಕೆ ಮುಂಚೆ ದುರ್ಯೋಧನ ಕಬ್ಬಿಣದ ಭೀಮನನ್ನು ಮಾಡಿಸಿ ಹದಿಮೂರು ವರ್ಷ ಅದರ ಮೇಲೆ ಗದೆ ಬೀಸಿ ಪಳಗಿದ ಎಂದು ಮಹಾಭಾರತ ಹೇಳುತ್ತದೆ. ಛಲಕ್ಕಾಗಿ ಮಾಡಿದ್ದು, ಆದರೂ ಸಾಧನೆ ಸಾಧನೆಯೇ. ಖಾಲಿ ರೈಫಲ್ಲಿನಲ್ಲಿ ಡಮ್ಮಿ ಕಾಡತೂಸು ಹಾಕಿ ದಿನವೂ ಸ್ವಲ್ಪ ಹೊತ್ತು ಬೋಲ್ಟ್ ಆಡಿಸು, ಟ್ರಿಗರ್ ಒತ್ತು. ಅದಕ್ಕೆ ಕಾಸೂ ಬೇಡ, ರೇಂಜೂ ಬೇಡ.

ಮನೆಯೊಳಗಿನ ಮಾತು ನಿನ್ನ ಅವ್ವನ ಪರವಾಗಿ ಹೇಳುತ್ತಿದ್ದೇನೆ. ಬೋಲ್ಟ್ ರೈಫಲ್ಲಿನ ದೊಡ್ಡ ಗುಣ ಎಂದರೆ ಬೋಲ್ಟನ್ನು ಬಿಚ್ಚಿ ತೆಗೆಯಬಹುದು. ತೆಗೆದರೆ ಉಳಿಯುವುದು ಒಂದು ಕೊಳವೆ. ರೈಫಲ್ ಒಂದು ಕಡೆ ಬೀಗದಲ್ಲಿ, ಬೋಲ್ಟ್ ಇನ್ನೊಂದು ಕಡೆ ಬೀಗದಲ್ಲಿ, ಕಾಡತೂಸು ಮೂರನೆಯ ಕಡೆ. ಬೋಲ್ಟಿನ ಬೀಗದ ಕೈ ಅವ್ವನ ಹತ್ತಿರ ಇರಲಿ. ಸಿಟ್ಟು ಬಂದಾಗ, ಬದುವಿನ ಜಗಳ ಎದ್ದಾಗ, ಸಾಲದವರು ಬಾಗಿಲಿಗೆ ಬಂದಾಗ, ಮನಸ್ಸು ಕುಗ್ಗಿ ಯಾರೊಂದಿಗೂ ಮಾತಾಡಲಾಗದೆ ಕೂತಾಗ, ಆ ಮೂರು ಬೀಗ ತೆಗೆಯಲು ಹಿಡಿಯುವ ಹೊತ್ತು ಒಂದು ಜೀವ ಉಳಿಸುತ್ತದೆ. ಕಡೆಯದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ರೈತರ ಮನೆಗಳಿಗೆ ಬಂದ ಕಷ್ಟ ನೀನು ನೋಡಿದ್ದೀ. ಮನೆಯಲ್ಲಿ ಯಾರಿಗಾದರೂ ಅಂಥ ದಿನಗಳು ಬಂದವು ಎಂದು ಅನಿಸಿದರೆ ಕೇಳುವುದೇ ಬೇಡ, ರೈಫಲ್ ಒಯ್ದು ಡೀಲರನ ಹತ್ತಿರವೋ ಠಾಣೆಯಲ್ಲೋ ಜಮಾ ಮಾಡಿ ರಸೀದಿ ತಗೊಂಡು ಬಾ. ಚುನಾವಣೆ ಬಂದಾಗ ಹೇಗೂ ಜಮಾ ಮಾಡುತ್ತಾರೆ, ಅದನ್ನು ಅವಮಾನ ಎಂದು ತಿಳಿಯಬೇಡ.

ಮದುವೆ ಮೆರವಣಿಗೆಗೆ, ಜಾತ್ರೆಗೆ ರೈಫಲ್ ಒಯ್ಯಬೇಡ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಸಂಭ್ರಮಕ್ಕೆ ಗುಂಡು ಹಾರಿಸಿದರೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಆಯುಧ ಇರಬಾರದೆಂದದ್ದು, ಲೈಸೆನ್ಸಿನ ಅವಧಿ ಐದು ವರ್ಷಕ್ಕೆ ಏರಿಸಿದ್ದು ಅದೇ ತಿದ್ದುಪಡಿ. ಗೆಳೆಯರ ಕೈಗೆ ರೈಫಲ್ ಕೊಟ್ಟು ರೀಲ್ಸ್ ಮಾಡಿಸುವ ಚಟವಂತೂ ಬೇಡವೇ ಬೇಡ. ಆ ವಿಡಿಯೋ ಮೊದಲು ನೋಡುವವರು ಪೊಲೀಸರು, ಎರಡನೆಯವರು ನಿನ್ನ ಮನೆಯಲ್ಲಿ ರೈಫಲ್ ಇದೆ ಎಂದು ತಿಳಿಯಬಾರದವರು.

ಇಷ್ಟು ಓದಿದ ಮೇಲೂ ಆಸೆ ಹಾಗೇ ಇದ್ದರೆ ಹೀಗೆ ಮಾಡು. ಲೈಸೆನ್ಸಿಗೆ ಆಯುಧ ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ ಬೇಕು ಎಂದು 2016ರ ಆಯುಧ ನಿಯಮಗಳಲ್ಲಿದೆ. ಆ ತರಬೇತಿಯನ್ನು ಮೊದಲು ಮುಗಿಸು, ಅರ್ಜಿ ಆಮೇಲೆ. ಲೈಸೆನ್ಸ್ ಬೇಡದ ಏರ್ ರೈಫಲ್ ಒಂದು ನನ್ನ ಹತ್ತಿರ ಇದೆ. ಈ ಹಂಗಾಮಿನ ಕಬ್ಬು ಕಾರ್ಖಾನೆಗೆ ಹೋದ ಮೇಲೆ ಹಿತ್ತಲಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ಮಣ್ಣಿನ ಚೀಲ ಎರಡು ಸಾಲು ಒಟ್ಟಿ ಗುರಿಹಲಗೆ ಕಟ್ಟೋಣ. ಬರುವಾಗ ಒಂದು ಹಾಳೆಯಲ್ಲಿ, ಅರ್ಜಿಯಲ್ಲಿ ಬರೆಯುವ ಹಾಗೆಯೇ, ನಿನಗೆ ದೊಡ್ಡ ರೈಫಲ್ ಯಾಕೆ ಬೇಕು ಎಂದು ಬರೆದುಕೊಂಡು ಬಾ. ಅಪ್ಪನಿಗೂ ತೋರಿಸಿಯೇ ತಾ.